ಕಹಿ ಗಳಿಗೆಯ ಕಾವು ಏರಿಸುವ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲು ಕೊರೆಸಿಕೊಳ್ಳುವಾಗ, ಐಸಿಯುನಲ್ಲಿ ಮನೆಯವರ ಮಂಚದ ಪಕ್ಕ ಕೂತಿರುವಾಗ, ಕಣ್ಣೆದುರೇ ಆಕ್ಸಿಡೆಂಟ್ ಆದಾಗ ಕಣ್ಣು, ಕಿವಿ, ಮೂಗು, ಚರ್ಮ ಎಲ್ಲವೂ ಒಟ್ಟಿಗೆ ಕೆಟ್ಟ ಸುದ್ದಿ ತರುತ್ತವೆ. ಅದರಲ್ಲಿ ಕಿವಿಯ ಪಾಲು ಎಷ್ಟು ಎಂದು ನಾವು ಯೋಚಿಸುವುದು ಕಡಿಮೆ. ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಕಳೆದ ಮೇಲೆ ನಾನು ಈ ವಿಷಯದ ಬೆನ್ನು ಹತ್ತಿದೆ. ಓದಿದ್ದನ್ನು ನೆಂಟರು, ಸ್ನೇಹಿತರ ಹತ್ತಿರ ಹೇಳಿಕೊಂಡಾಗ ಮತ್ತೆ ಮತ್ತೆ ಅವೇ ಪ್ರಶ್ನೆಗಳು ಬಂದವು. ಅವುಗಳಿಗೆ ನನಗೆ ತಿಳಿದ ಉತ್ತರ ಇಲ್ಲಿದೆ.

ಕಾವು ಅಂದರೆ ಏನು? ಭಯ, ದುಃಖ ಅನ್ನೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪುಸ್ತಕದ ಭಾಷೆಯಲ್ಲಿ ಇದು ಭಾವೋದ್ರೇಕ. ನಾನು ಕಾವು ಎನ್ನುತ್ತೇನೆ. ಒಲೆಯ ಕಾವಿನ ಹಾಗೆ ಅದು ಏರುತ್ತದೆ, ಇಳಿಯುತ್ತದೆ.

ಯಾವುದೇ ಅನುಭವವನ್ನು ಎರಡು ರೀತಿಯಲ್ಲಿ ಅಳೆಯಬಹುದು. ಅದು ಸಿಹಿಯೋ ಕಹಿಯೋ ಎನ್ನುವುದು ಒಂದು. ಅದರಿಂದ ಮೈಮನಸ್ಸು ಎಷ್ಟು ಎಚ್ಚೆತ್ತಿದೆ ಎನ್ನುವುದು ಇನ್ನೊಂದು. ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಇವೆರಡನ್ನೂ ಅಡ್ಡಗೆರೆ, ಉದ್ದಗೆರೆಗಳಾಗಿ ಇಟ್ಟು ಭಾವನೆಗಳ ನಕ್ಷೆಯನ್ನೇ ಬರೆದರು. ಹಳೆಯ ಸ್ನೇಹಿತ ತೀರಿಕೊಂಡ ಸುದ್ದಿ ಕೇಳಿ ಮಂಕು ಬಡಿದ ಹಾಗೆ ಕೂತಿದ್ದೀರಿ. ಅದು ಕಹಿ, ಆದರೆ ಕಾವು ಕಡಿಮೆ. ಕತ್ತಲಲ್ಲಿ ಕಾಲಿನ ಕೆಳಗೆ ಏನೋ ಮೆತ್ತಗೆ ಸರಿದು ಹಾರಿಬಿದ್ದಿರಿ. ಅದೂ ಕಹಿಯೇ, ಆದರೆ ಕಾವು ನೆತ್ತಿಗೇರಿದೆ. ಸದ್ದಿನ ಕೈವಾಡ ಜಾಸ್ತಿ ಕಾಣುವುದು ಈ ಎರಡನೇ ಅಳತೆಯಲ್ಲಿ.

ನಮ್ಮ ಭಾಷೆಗೆ ಇದು ಮೊದಲಿಂದಲೂ ಗೊತ್ತಿದೆ ಎಂದು ನನಗೆ ಅನಿಸುತ್ತದೆ. ಎದೆ ಧಸಕ್ಕೆಂದಿತು, ಮೈ ಜುಮ್ಮೆಂದಿತು, ಜೀವ ಝಲ್ಲೆಂದಿತು ಎನ್ನುತ್ತೇವೆ. ಎದೆಯೊಳಗೆ ಆದದ್ದನ್ನು ಹೇಳಲು ಕನ್ನಡ ಎತ್ತಿಕೊಂಡದ್ದು ಸದ್ದುಗಳನ್ನೇ.

ಇದನ್ನು ಅಳೆಯುವುದು ಹೇಗೆ? ಸುಮ್ನೆ ಜನರನ್ನು ಕೇಳುತ್ತಾರಾ?

ಕೇಳುವುದೂ ಉಂಟು. ಫ್ಲಾರಿಡಾ ವಿಶ್ವವಿದ್ಯಾಲಯದ ಮಾರ್ಗರೆಟ್ ಬ್ರಾಡ್ಲಿ ಮತ್ತು ಪೀಟರ್ ಲ್ಯಾಂಗ್ ಇದಕ್ಕೆಂದೇ ಪುಟ್ಟ ಗೊಂಬೆ ಚಿತ್ರಗಳ ಸಾಲು ಮಾಡಿದ್ದಾರೆ. ಒಂದು ತುದಿಯ ಗೊಂಬೆ ತೂಕಡಿಸುತ್ತಿರುತ್ತದೆ. ಇನ್ನೊಂದು ತುದಿಯದರ ಹೊಟ್ಟೆಯೊಳಗೆ ಸ್ಫೋಟವೇ ಆದಂತಿರುತ್ತದೆ. ನಿಮಗೆ ಹೊಂದುವ ಗೊಂಬೆಗೆ ಗುರುತು ಹಾಕಿದರೆ ಆಯಿತು, ಮಾತು ಬೇಕಿಲ್ಲ. ಜನರ ಭಾವ ಕೆಣಕುವ ನೂರಾರು ಫೋಟೊಗಳನ್ನೂ ಅದೇ ರೀತಿಯ ಸದ್ದುಗಳನ್ನೂ ಅವರ ತಂಡ ಒಟ್ಟುಮಾಡಿ, ಒಂದೊಂದಕ್ಕೂ ಕಹಿ ಎಷ್ಟು, ಕಾವು ಎಷ್ಟು ಎಂದು ಅಂಕ ಕೊಡಿಸಿದೆ. ಲೋಕದ ಎಷ್ಟೋ ಲ್ಯಾಬ್‌ಗಳು ಇವತ್ತಿಗೂ ಅವುಗಳನ್ನೇ ಬಳಸುತ್ತವೆ.

ಮೈಯನ್ನೇ ಕೇಳುವ ದಾರಿಯೂ ಇದೆ. ಎರಡು ಬೆರಳಿಗೆ ಪುಟ್ಟ ತಂತಿ ಕಟ್ಟಿ, ನಮಗೆ ಗೊತ್ತೇ ಆಗದಷ್ಟು ಕಡಿಮೆ ಕರೆಂಟು ಹಾಯಿಸುತ್ತಾರೆ. ಗಾಬರಿಯಾದರೆ ಅಂಗೈ ಬೆವರುತ್ತದೆ, ಬೆವರಿದ ಚರ್ಮದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಕೆಟ್ಟ ಸದ್ದು ಕೇಳಿದ 1ರಿಂದ 3 ಸೆಕೆಂಡಿನೊಳಗೆ ಪರದೆಯ ಮೇಲಿನ ಗೆರೆ ಏರುತ್ತದೆ. "ನನಗೇನೂ ಆಗಲಿಲ್ಲ" ಎಂದು ಬಾಯಲ್ಲಿ ಹೇಳಬಹುದು, ಅಂಗೈ ಹಾಗೆ ಹೇಳುವುದಿಲ್ಲ.

ದೃಶ್ಯ ಅದೇ ಇದ್ದು ಸದ್ದು ಮಾತ್ರ ಬದಲಾದರೆ ನಿಜವಾಗಿಯೂ ಅಷ್ಟು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ನನಗೆ ತುಂಬ ಹಿಡಿಸಿದ ಪ್ರಯೋಗ 1983ರದ್ದು, ಜೂಲಿಯನ್ ಥೇಯರ್ ಮತ್ತು ರಾಬರ್ಟ್ ಲೆವೆನ್ಸನ್ ಮಾಡಿದ್ದು. ಕಾರ್ಖಾನೆ ಕೆಲಸಗಾರರಿಗೆ ಎಚ್ಚರಿಕೆ ಹೇಳಲು ಮಾಡಿದ ಒಂದು ಸಣ್ಣ ಚಿತ್ರವನ್ನು ಅವರು ತೆಗೆದುಕೊಂಡರು. ಅದರಲ್ಲಿ ಮರ ಕೊಯ್ಯುವ ಯಂತ್ರದ ಹತ್ತಿರ ಆಗುವ ಅಪಘಾತಗಳಿವೆ, ನೋಡಲು ಕಷ್ಟ. ಕೆಲವರಿಗೆ ಅದನ್ನು ಸಂಗೀತವಿಲ್ಲದೆ ತೋರಿಸಿದರು. ಕೆಲವರಿಗೆ ಸಾಕ್ಷ್ಯಚಿತ್ರದಲ್ಲಿ ಬರುವಂಥ ಸಮಾಧಾನದ ಸಂಗೀತ ಹಾಕಿದರು. ಇನ್ನು ಕೆಲವರಿಗೆ ಹಾರರ್ ಚಿತ್ರದಂಥ ಸಂಗೀತ. ಕಣ್ಣಿಗೆ ಬಿದ್ದದ್ದು ಮೂರೂ ಗುಂಪಿಗೆ ಒಂದೇ ಗರಗಸ, ಒಂದೇ ಕೈ, ಒಂದೇ ರಕ್ತ. ಆದರೆ ಅಂಗೈ ಬೆವರಿನ ಲೆಕ್ಕ ಬೇರೆ ಬೇರೆ ಬಂತು. ಹಾರರ್ ಸಂಗೀತ ಕಾವು ಏರಿಸಿತ್ತು, ಸಮಾಧಾನದ ಸಂಗೀತ ಇಳಿಸಿತ್ತು.

ಏರಿದ್ದಷ್ಟೇ ಆಗಿದ್ದರೆ ನನಗೆ ಅಷ್ಟೇನೂ ಅನಿಸುತ್ತಿರಲಿಲ್ಲ. ಇಳಿದದ್ದು ದೊಡ್ಡ ವಿಷಯ. ಕಣ್ಣೆದುರಿನ ಕೆಟ್ಟದ್ದನ್ನು ಬದಲಿಸಲು ಆಗದಿದ್ದರೂ ಕಿವಿಗೆ ಬೀಳುವುದನ್ನು ಬದಲಿಸಿದರೆ ಮೈ ಕೇಳುತ್ತದೆ ಎಂದಾಯಿತಲ್ಲ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅಲ್ಲಿಂದಲೇ ಹುಟ್ಟಿದ್ದು.

2006ರಲ್ಲಿ ಜ್ಯೂರಿಚ್‌ನ ಥಾಮಸ್ ಬೌಮ್‌ಗಾರ್ಟ್ನರ್ ಮತ್ತು ಸಂಗಡಿಗರು ಭಯದ, ದುಃಖದ ಫೋಟೊಗಳನ್ನು ಬರೀ ಫೋಟೊ ಆಗಿ, ಆಮೇಲೆ ಅದೇ ಭಾವದ ಶಾಸ್ತ್ರೀಯ ಸಂಗೀತದ ಜೊತೆ ತೋರಿಸಿದರು. ಜೊತೆಗೂಡಿದಾಗ ಉಸಿರು, ಎದೆಬಡಿತ, ಬೆವರು ಎಲ್ಲವೂ ಹೆಚ್ಚು ಜೋರಾಗಿ ಬದಲಾದವು.

ಇದನ್ನು ಮನೆಯಲ್ಲೇ ನೋಡಬಹುದು. ಹೆದರಿಕೆಯ ಸಿನಿಮಾದ ಒಂದು ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಹುಡುಗಿ ಮೆಟ್ಟಿಲು ಹತ್ತುತ್ತಾಳೆ, ಬಾಗಿಲು ಸರಿಯುತ್ತದೆ, ಅಷ್ಟೇ. ಈಗ ಸದ್ದು ಹಾಕಿ. ದಿಂಬು ತಾನಾಗಿ ಎದೆಗೆ ಬರುತ್ತದೆ.

ಕಣ್ಣಿಗಿಂತ ಕಿವಿ ಬೇಗ ಬೆಚ್ಚುವುದು ಯಾಕೆ?

ಕಿವಿಯ ಒಳಗಿನ ಕೂದಲಿನಂಥ ಜೀವಕೋಶಗಳು ಸದ್ದಿನ ಅಲುಗಾಟವನ್ನು ನೇರವಾಗಿ ನರದ ಸಂಕೇತ ಮಾಡುತ್ತವೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಬೇಡ. ಕಣ್ಣಿನಲ್ಲಿ ಬೆಳಕು ಮೊದಲು ರಾಸಾಯನಿಕ ಬದಲಾವಣೆ ಮಾಡಬೇಕು, ಅದಕ್ಕೆ ಹತ್ತಾರು ಪಟ್ಟು ಹೊತ್ತು ಹಿಡಿಯುತ್ತದೆ. ಬೆಚ್ಚಿಬೀಳುವ ದಾರಿಯಂತೂ ಇನ್ನೂ ಗಿಡ್ಡ. ದಿಢೀರ್ ಸದ್ದು ಬಂದರೆ ಮೆದುಳಿನ ಬುಡವೇ ಆಜ್ಞೆ ಕೊಟ್ಟುಬಿಡುತ್ತದೆ. ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೊತ್ತಿಗೆಲ್ಲ ರೆಪ್ಪೆ ಮುಚ್ಚಿಕೊಳ್ಳತೊಡಗಿರುತ್ತದೆ. ಆ ಸದ್ದು ಏನು ಎಂದು ನಮಗೆ ಗೊತ್ತಾಗುವುದು ಅದಾದ ಮೇಲೆ.

ಇನ್ನೊಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ಬೆನ್ನ ಹಿಂದೆ, ಕತ್ತಲಲ್ಲಿ, ನಿದ್ದೆಯಲ್ಲಿ ಕಾವಲಿಗೆ ಇರುವುದು ಕಿವಿಯೇ.

ಹೀಗೆ ಬೆಚ್ಚುವುದು ಸುತ್ತಲಿನ ಕಹಿಯ ಜೊತೆ ಸೇರಿ ಇನ್ನೂ ಜೋರಾಗುತ್ತದೆ. ವ್ರಾನಾ, ಸ್ಪೆನ್ಸ್ ಮತ್ತು ಲ್ಯಾಂಗ್ 1988ರಲ್ಲಿ ತೋರಿಸಿದಂತೆ, ಒಳ್ಳೆಯ ಚಿತ್ರ ನೋಡುತ್ತಿರುವವರಿಗಿಂತ ಕೆಟ್ಟ ಚಿತ್ರ ನೋಡುತ್ತಿರುವವರು ಅದೇ ದಿಢೀರ್ ಸದ್ದಿಗೆ ರೆಪ್ಪೆಯನ್ನು ಹೆಚ್ಚು ಬಿಗಿಯಾಗಿ ಮುಚ್ಚುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಸ್ಟೀಲ್ ಟ್ರೇ ಬೀಳಿಸಿದರೆ ಜೀವ ಬಾಯಿಗೆ ಬಂದಂತಾಗುವುದು, ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಅದೇ ಸದ್ದು ಬಂದರೆ ತಿರುಗಿಯೂ ನೋಡದಿರುವುದು ಇದಕ್ಕೇ.

ಸದ್ದು ಜೋರಾಗಿದ್ದರೇನೇ ಕಾವು ಏರುವುದಾ?

ಜೋರು ಒಂದು ಕಾರಣ ಅಷ್ಟೇ. ಸದ್ದಿನ ಒರಟು, ಅದು ಬರುವ ರೀತಿ, ಅದರ ಶ್ರುತಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಒರಟು ಎಂದರೆ ಸದ್ದು ಸೆಕೆಂಡಿಗೆ ಹತ್ತಾರು ಸಲ ಏರಿ ಇಳಿದು ತರಿತರಿಯಾಗಿ ಕೇಳುವುದು. ನಮ್ಮ ಮಾಮೂಲಿ ಮಾತು ಸೆಕೆಂಡಿಗೆ ನಾಲ್ಕೈದು ಸಲ ಏರಿಳಿಯುತ್ತದೆ. ಲುಕ್ ಅರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ಮನುಷ್ಯರ ಚೀರಾಟವನ್ನು ಬಿಡಿಸಿ ನೋಡಿದಾಗ ಅದು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುವುದು ಕಂಡಿತು. ಮಾತಿಗೆ ಬಳಕೆಯಾಗದೆ ಖಾಲಿ ಬಿದ್ದಿದ್ದ ಜಾಗ ಅದು, ಚೀರಾಟಕ್ಕೆಂದೇ ಮೀಸಲಿಟ್ಟ ಹಾಗೆ. ಮನುಷ್ಯರು ಮಾಡಿದ ಅಲಾರಂಗಳೂ ಅದೇ ಜಾಗದಲ್ಲಿ ಕೂಗುತ್ತವೆ. ಒರಟು ಹೆಚ್ಚಿದಷ್ಟೂ ಕೇಳಿದವರಿಗೆ ಭಯ ಹೆಚ್ಚು, ಮೆದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಎಂಬ ಭಾಗವೂ ಹೆಚ್ಚು ಚುರುಕು.

ಇನ್ನು ಬರುವ ರೀತಿ. ಹತ್ತಿರ ಬರುತ್ತಿರುವಂತೆ ಏರುವ ಸದ್ದು, ದೂರ ಹೋಗುತ್ತಿರುವಂತೆ ಇಳಿಯುವ ಸದ್ದು ಎರಡೂ ಅಷ್ಟಷ್ಟೇ ಬದಲಾದರೂ ಏರುವುದೇ ಜಾಸ್ತಿ ಬದಲಾದಂತೆ ಕೇಳುತ್ತದೆ. ಜಾನ್ ನ್ಯೂಹಾಫ್ ಇದನ್ನು 1998ರಲ್ಲಿ ತೋರಿಸಿದರು. ಹತ್ತಿರ ಬರುತ್ತಿರುವ ಲಾರಿಯನ್ನು ಇನ್ನೂ ಹತ್ತಿರ ಎಂದು ತಿಳಿದರೆ ನಷ್ಟವೇನಿಲ್ಲ, ದೂರ ಎಂದು ತಿಳಿದರೆ ಜೀವಕ್ಕೇ ಕುತ್ತು.

ಶ್ರುತಿಯದ್ದೂ ಒಂದು ಕತೆ ಇದೆ. ಸ್ಟೀಲ್ ತಟ್ಟೆಯ ಮೇಲೆ ಚಮಚ ಕೆರೆದರೆ ಹಲ್ಲು ಜುಂ ಎನ್ನುತ್ತದಲ್ಲ, ಅಂಥ 74 ಸದ್ದುಗಳನ್ನು ಇಂಗ್ಲೆಂಡಿನ ನ್ಯೂಕಾಸಲ್‌ನ ಸುಖಬಿಂದರ್ ಕುಮಾರ್ ತಂಡ 2012ರಲ್ಲಿ ಜನರಿಗೆ ಕೇಳಿಸಿತು. ಎಲ್ಲಕ್ಕಿಂತ ಅಸಹ್ಯ ಎನಿಸಿದ್ದು ಬಾಟಲಿಗೆ ಚಾಕು ಉಜ್ಜುವ ಸದ್ದು. ಸೆಕೆಂಡಿಗೆ ಸುಮಾರು 2,500ರಿಂದ 5,500 ಕಂಪನ ಇರುವ ಸದ್ದುಗಳೇ ಜಾಸ್ತಿ ಕಾಡಿದವು. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ ಹೆಚ್ಚುಕಡಿಮೆ ಅಲ್ಲೇ. ಅದೇ ಪಟ್ಟಿಯಲ್ಲಿ ಗುಡುಗು ಕಡಿಮೆ ಕಾಡಿದ ಸದ್ದುಗಳ ಜೊತೆ, ಮಗುವಿನ ನಗು ಮತ್ತು ಹರಿಯುವ ನೀರಿನ ಪಕ್ಕದಲ್ಲಿ ಕೂತಿತ್ತು.

ಹಾಗಾದರೆ ಕಣ್ಣಿನ ಮೇಲೆ ಕಿವಿ ಯಾವಾಗಲೂ ಗೆಲ್ಲುತ್ತದಾ?

ಇಲ್ಲ. ಇದನ್ನು ಹೇಳದೆ ಹೋದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ.

ಡೇನಿಯಲ್ ಬ್ಲಮ್‌ಸ್ಟೀನ್ ಕಾಡುಪ್ರಾಣಿಗಳ ಎಚ್ಚರಿಕೆಯ ಕೂಗನ್ನು ಓದಿಕೊಂಡವರು. ಹೆದರಿದ ಪ್ರಾಣಿ ಗಂಟಲು ಹರಿಯುವಂತೆ ಕೂಗಿದಾಗ ದನಿ ಒಡೆದು ಕರ್ಕಶವಾಗುತ್ತದೆ. 2012ರಲ್ಲಿ ಅವರೂ ಸಂಗಡಿಗರೂ ಸಾಧಾರಣ ಸಂಗೀತದ ತುಣುಕುಗಳಿಗೆ ಅಂಥದೇ ಕರ್ಕಶ ಬೆರೆಸಿದರು. ವಿಡಿಯೊ ಇಲ್ಲದೆ ಈ ಕರ್ಕಶ ಸಂಗೀತ ಮಾತ್ರ ಕೇಳಿದವರಿಗೆ ಕಹಿ, ಕಾವು ಎರಡೂ ಏರಿದವು. ಆಮೇಲೆ ಅದೇ ಸಂಗೀತವನ್ನು ಯಾವ ಅಪಾಯವೂ ಇಲ್ಲದ ವಿಡಿಯೊ ಜೊತೆ ಕೊಟ್ಟರು. ಕಹಿ ಉಳಿಯಿತು, ಕಾವು ಮಾತ್ರ ಏರಲಿಲ್ಲ. ಕಣ್ಣು ನೋಡಿ "ಇಲ್ಲಿ ಏನೂ ಇಲ್ಲ" ಎಂದಾಗ ಕಿವಿ ಎಬ್ಬಿಸಿದ ಗಾಬರಿ ತಣ್ಣಗಾಯಿತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಸಮರ್ಮಿಟ್ ಮತ್ತು ಸಂಗಡಿಗರು 2019ರಲ್ಲಿ ಇನ್ನೊಂದು ರೀತಿಯಲ್ಲಿ ನೋಡಿದರು. ಮೈ ಜುಮ್ಮೆನಿಸುವ ಸದ್ದನ್ನು, ಅದು ಬೇರೊಂದು ಸೌಮ್ಯ ಕೆಲಸದಿಂದಲೇ ಹುಟ್ಟುತ್ತಿದೆ ಎನ್ನಿಸುವ ವಿಡಿಯೊಗೆ ತಾಳ ತಪ್ಪದಂತೆ ಜೋಡಿಸಿದರು. ಅದೇ ಸದ್ದು ಕಡಿಮೆ ಹಿಂಸೆ ಕೊಟ್ಟಿತು. ಸದ್ದು ಹೇಗಿದೆ ಎನ್ನುವುದರಷ್ಟೇ ಅದು ಎಲ್ಲಿಂದ ಬರುತ್ತಿದೆ ಎಂದು ನಾವು ನಂಬಿರುವುದೂ ಮುಖ್ಯ.

ಹಾಗಾಗಿ ಸದ್ದೂ ದೃಶ್ಯವೂ ಒಂದೇ ಅಪಾಯವನ್ನು ಹೇಳಿದಾಗ ಕಾವು ತುಂಬ ಏರುತ್ತದೆ. ಎರಡಕ್ಕೂ ತಾಳೆ ಆಗದಿದ್ದರೆ ಒಂದು ಇನ್ನೊಂದನ್ನು ಎಳೆದು ಇಳಿಸಬಹುದು.

ವಾಸನೆ, ಮುಟ್ಟುವುದು ಇವುಗಳ ಪಾಲು ಇಲ್ಲವಾ?

ಖಂಡಿತ ಇದೆ. ವಾಸನೆ ಹಳೆಯ ನೆನಪನ್ನು ಎಳೆದು ತರುವುದರಲ್ಲಿ ಗಟ್ಟಿ. ಆದರೆ ಅದು ನಿಧಾನ, ಬಂದರೆ ಬೇಗ ಹೋಗುವುದೂ ಇಲ್ಲ. ಸದ್ದು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಕಾವನ್ನೂ ಕ್ಷಣಕ್ಷಣಕ್ಕೆ ಏರಿಸಿ ಇಳಿಸಬಲ್ಲದು. ಇವೆಲ್ಲ ಒಂದೇ ಕಡೆ ಸೇರುವ ಜಾಗ ಮುಂದಿನ ಪ್ರಶ್ನೆಯಲ್ಲಿದೆ.

ಹಲ್ಲಿನ ಡಾಕ್ಟರ ಹತ್ತಿರ ನೋವಾಗುವ ಮೊದಲೇ ಕೈ ಬೆವರುತ್ತದೆ. ಯಾಕೆ?

ಆ ಕುರ್ಚಿಯಲ್ಲಿ ಮಲಗಿದಾಗ ಏನೇನು ಇರುತ್ತದೆ ನೋಡಿ. ಮುಖದ ಮೇಲೆ ಲೈಟು. ಲವಂಗದ ಎಣ್ಣೆಯ ವಾಸನೆ. ಕೆನ್ನೆಯೊಳಗೆ ಎಂಜಲು ಎಳೆಯುವ ಪೈಪಿನ ಗೊರಗೊರ. ಮರಗಟ್ಟಿದ ತುಟಿ. ಬಾಯಿ ತೆರೆದಿದೆ, ಮಾತಾಡಲು ಆಗುವುದಿಲ್ಲ, ಅವರು ಏನು ಮಾಡುತ್ತಿದ್ದಾರೆ ಎಂದು ಕಾಣುವುದೂ ಇಲ್ಲ. ಸುದ್ದಿ ತರಲು ಉಳಿಯುವುದು ಕಿವಿ ಮಾತ್ರ. ಅದಕ್ಕೆ ಸಿಗುವುದು ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವ ಡ್ರಿಲ್ಲಿನ ಚೂಪು ಕೂಗು. ಗಾಳಿಯಲ್ಲಿ ತಿರುಗುವಾಗ ಅದಕ್ಕೆ ಒಂದು ಶ್ರುತಿ, ಹಲ್ಲಿಗೆ ತಾಗಿದ ಕೂಡಲೇ ಇನ್ನೊಂದು. ಆ ಶ್ರುತಿ ಬದಲಾಗುವುದನ್ನೇ ಮೈ ಕಾಯುತ್ತಿರುತ್ತದೆ. ಬದಲಾದ ಕೂಡಲೇ ಹೆಬ್ಬೆರಳು ಮಡಚಿಕೊಳ್ಳುತ್ತದೆ. ನನ್ನದಂತೂ ಹಾಗೇ.

ಕಿವಿಗೆ ಹತ್ತಿ ಇಟ್ಟುಕೊಳ್ಳಲಾ ಎಂದು ಒಬ್ಬರು ಕೇಳಿದ್ದರು. ಸ್ವಲ್ಪ ಮಟ್ಟಿಗೆ ಮಾತ್ರ ಸಹಾಯ. ಹಲ್ಲು ದವಡೆಗೆ, ದವಡೆ ತಲೆಬುರುಡೆಗೆ ಕೂಡಿರುವುದರಿಂದ ಸದ್ದು ಮೂಳೆಯ ಮೂಲಕವೇ ಒಳಗಿವಿಗೆ ಹೋಗುತ್ತದೆ. ಬೆರಳಿನಿಂದ ಕಿವಿ ಮುಚ್ಚಿಕೊಂಡು ಹುರಿಗಡಲೆ ಅಗಿದು ನೋಡಿ, ಸದ್ದು ಇನ್ನೂ ಜೋರಾಗುತ್ತದೆ. ಕೆಳಗಿನ ಶ್ರುತಿಯ ಗುರ್ ಎನ್ನುವ ಡ್ರಿಲ್ಲಿಗೂ ಇದೇ ಕತೆ. ಗಾಳಿಯಲ್ಲಿ ಬರುವ ಚೂಪು ಸದ್ದನ್ನು ಮಾತ್ರ ಹತ್ತಿ ತಗ್ಗಿಸುತ್ತದೆ. ಹೆಡ್‌ಫೋನಿನಲ್ಲಿ ನಿಮಗೆ ಇಷ್ಟವಾದದ್ದನ್ನು ಕೇಳುವುದು ಇದಕ್ಕಿಂತ ವಾಸಿ.

ಇನ್ನೂ ಒಂದು ಇದೆ. "ಎಡಗೈ ಎತ್ತಿದರೆ ನಿಲ್ಲಿಸುತ್ತೀರಾ ಡಾಕ್ಟ್ರೇ?" ಎಂದು ಮೊದಲೇ ಕೇಳಿಕೊಳ್ಳಿ. ಇದು ಯಾಕೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಹಳೆಯ ಪ್ರಯೋಗವೊಂದಿದೆ.

ನಿಲ್ಲಿಸುವ ಅಧಿಕಾರ ನಮ್ಮ ಕೈಲಿದ್ದರೆ ಅದೇ ಸದ್ದು ಕಡಿಮೆ ಕಾಡುತ್ತದಾ?

ಹೌದು, ಆ ಅಧಿಕಾರವನ್ನು ಬಳಸದಿದ್ದರೂ ಕೂಡ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಅಮೆರಿಕದಲ್ಲಿ ಮಾಡಿದ ಪ್ರಯೋಗಗಳನ್ನು 1972ರಲ್ಲಿ ಒಟ್ಟಾಗಿ ಪ್ರಕಟಿಸಿದರು. ಕೆಲಸ ಮಾಡುತ್ತಿರುವವರಿಗೆ ನಡುನಡುವೆ 108 ಡೆಸಿಬಲ್‌ನ ಗದ್ದಲ ಕೇಳಿಸಿದರು. ಒಂದು ಗುಂಪಿಗೆ ಗುಂಡಿಯೊಂದನ್ನು ಕೊಟ್ಟು, "ತಡೆಯಲಾಗದಿದ್ದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ, ಒತ್ತದಿದ್ದರೆ ನಮಗೆ ಒಳ್ಳೆಯದು" ಎಂದರು. ಆ ಗುಂಪಿನವರು ಹೆಚ್ಚುಕಡಿಮೆ ಯಾರೂ ಒತ್ತಲಿಲ್ಲ. ಎರಡೂ ಗುಂಪು ಕೇಳಿದ್ದು ಅಷ್ಟೇ ಗದ್ದಲ. ಆದರೆ ಆಮೇಲೆ ಕಷ್ಟದ ಒಗಟು ಬಿಡಿಸಲು, ತಪ್ಪು ಹುಡುಕಲು ಕೊಟ್ಟಾಗ ಗುಂಡಿ ಇದ್ದವರು ತಾಳ್ಮೆಯಿಂದ ಮಾಡಿದರು, ಇಲ್ಲದವರು ಬೇಗ ಕೈಬಿಟ್ಟರು. ಯಾವಾಗ ಬರುತ್ತದೆ ಎಂದು ಗೊತ್ತಿರುವ ಸದ್ದಿಗಿಂತ ಗೊತ್ತಿಲ್ಲದ ಸದ್ದೂ ಹೀಗೇ ಹೆಚ್ಚು ಸುಸ್ತು ಮಾಡಿತು.

ಗಮನಿಸಬೇಕಾದ್ದು ಏನೆಂದರೆ, ಗದ್ದಲ ಇರುವಾಗ ಮೈ ಅದಕ್ಕೆ ಒಗ್ಗಿಕೊಂಡಂತೆ ಕಂಡಿತ್ತು. ಸುಸ್ತು ಹೊರಬಿದ್ದದ್ದು ಸದ್ದು ನಿಂತ ಮೇಲೆ. ಪಕ್ಕದ ಮನೆಯಲ್ಲಿ ದಿನವಿಡೀ ಟೈಲ್ಸ್ ಕೊಯ್ದರೆ ಸಂಜೆ ಮಕ್ಕಳ ಮೇಲೆ ರೇಗುತ್ತೇವಲ್ಲ, ಅದು ಮಕ್ಕಳ ತಪ್ಪಲ್ಲ. "ನಾಳೆ ಹತ್ತರಿಂದ ಹನ್ನೆರಡರವರೆಗೆ ಕಟಿಂಗ್ ಇದೆ" ಎಂದು ಒಂದು ಮಾತು ಮೊದಲೇ ಹೇಳಿ ಹೋಗುವ ನೆರೆಯವರು ನಿಜವಾಗಿಯೂ ಉಪಕಾರ ಮಾಡುತ್ತಾರೆ.

ಐಸಿಯುನಲ್ಲಿ ಮಾನಿಟರ್ ಬೀಪ್ ಅಂದರೆ ಸಾಕು, ಎದೆ ಡವಡವ. ಇದು ನನಗೆ ಮಾತ್ರವಾ?

ನಿಮಗೆ ಮಾತ್ರ ಅಲ್ಲ. ಆ ಸದ್ದುಗಳನ್ನು ಮಾಡಿರುವುದೇ ಎಬ್ಬಿಸಲು. ಅಲ್ಲಿ ಮೊಳಗುವ ಅಲಾರಂಗಳಲ್ಲಿ ಬಹುಪಾಲು ತುರ್ತಿನವಲ್ಲ ಎನ್ನುವುದು ನರ್ಸುಗಳಿಗೆ ಗೊತ್ತು. ಪಕ್ಕದಲ್ಲಿ ಕೂತ ಮಗಳಿಗೆ ಗೊತ್ತಿರುವುದಿಲ್ಲ.

ಮೊದಲ ಎರಡು ರಾತ್ರಿ ನಾನು ಅಮ್ಮನ ಮುಖ ನೋಡಲೇ ಇಲ್ಲ, ಪರದೆ ನೋಡುತ್ತಿದ್ದೆ. ಟಿಂಗ್ ಟಿಂಗ್ ಟಿಂಗ್ ಎಂದು ಶುರುವಾದರೆ ಕುರ್ಚಿಯಿಂದ ಎದ್ದೇಬಿಡುತ್ತಿದ್ದೆ. ಸಿಸ್ಟರ್ ಬಂದು ಏನೋ ಒತ್ತಿ ಹೋಗುತ್ತಿದ್ದರು. ಹತ್ತು ನಿಮಿಷಕ್ಕೆ ಮತ್ತೆ. ಯಾರೂ ಏನೂ ಹೇಳಿರಲಿಲ್ಲ, ಕೇಳಿದರೆ ಬೈಯುತ್ತಾರೇನೋ ಎಂದು ನಾನೂ ಕೇಳಿರಲಿಲ್ಲ. ಮೂರನೇ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಚಿಕ್ಕ ವಯಸ್ಸಿನವರು. ನನ್ನ ಕೈ ನಡುಗುವುದು ನೋಡಿ ಪಕ್ಕಕ್ಕೆ ಕರೆದರು. "ಇಲ್ನೋಡಿ ಅಕ್ಕ, ಅಮ್ಮ ಕೈ ಆಡಿಸ್ದಾಗ ಬೆರಳಿನ ಕ್ಲಿಪ್ ಜಾರತ್ತೆ. ಅದಕ್ಕೇ ಈ ಸದ್ದು. ಹೆದರ್ಬೇಡಿ, ಕ್ಲಿಪ್ ಸರಿ ಮಾಡಿ ಸಾಕು. ಇನ್ನೊಂದು ಸದ್ದಿದೆ, ಎತ್ತರದ್ದು, ಬಿಡದೆ ಬರತ್ತೆ. ಅದು ಬಂದ್ರೆ ಮಾತ್ರ ನನ್ನ ಕರೀರಿ."

ಆ ರಾತ್ರಿಯೂ ಟಿಂಗ್ ಟಿಂಗ್ ಎಷ್ಟೋ ಸಲ ಬಂತು. ನಾನು ಎದ್ದು ಅಮ್ಮನ ತೋರುಬೆರಳಿಗೆ ಕ್ಲಿಪ್ ಸರಿಯಾಗಿ ಕೂರಿಸಿ, ಕೈಯನ್ನು ಹಾಗೇ ಹಿಡಿದುಕೊಳ್ಳುತ್ತಿದ್ದೆ. ಸದ್ದು ಒಂದು ಡೆಸಿಬಲ್ಲೂ ಕಡಿಮೆ ಆಗಿರಲಿಲ್ಲ. ಎದೆ ಮಾತ್ರ ಡವಗುಟ್ಟಲಿಲ್ಲ. ಸದ್ದಿಗೆ ಅರ್ಥ ಸಿಕ್ಕಿತ್ತು, ನನ್ನ ಕೈಗೆ ಕೆಲಸ ಸಿಕ್ಕಿತ್ತು.

ರಾತ್ರಿ ಹೊತ್ತು ರೋಗಿಗಳ ಕೋಣೆಯಲ್ಲಿ ಸದ್ದು 30 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಅಂದರೆ ಪಿಸುಮಾತಿನಷ್ಟು. ಮಾಮೂಲಿ ಮಾತೇ 60ರ ಹತ್ತಿರ ಇರುತ್ತದೆ. ನಾನು ನೋಡಿದ ಯಾವ ವಾರ್ಡೂ ಇದರ ಹತ್ತಿರ ಸುಳಿದಿಲ್ಲ. ಸ್ಟೂಲ್ ಎಳೆಯುವುದು, ಡಸ್ಟ್‌ಬಿನ್ನಿನ ಮುಚ್ಚಳ ಬಡಿಯುವುದು, ಸ್ಪೀಕರ್ ಹಾಕಿ ಫೋನಿನಲ್ಲಿ ಮಾತಾಡುವುದು, ಇವನ್ನೆಲ್ಲ ನಿಲ್ಲಿಸಲು ಯಾವ ಹೊಸ ಯಂತ್ರವೂ ಬೇಡ.

ಒಂದು ಆಕ್ಸಿಡೆಂಟ್ ಆದ ಮೇಲೆ ಬ್ರೇಕ್ ಸದ್ದು ಕೇಳಿದರೆ ಈಗಲೂ ಮೈ ನಡುಗುತ್ತದೆ. ಹೀಗೂ ಆಗುತ್ತದಾ?

ಆಗುತ್ತದೆ. ಕೆಟ್ಟ ಗಳಿಗೆಯಲ್ಲಿ ಒಟ್ಟಿಗೆ ಬಂದದ್ದೆಲ್ಲವನ್ನೂ ಮೆದುಳು ಒಂದೇ ಗಂಟಾಗಿ ಕಟ್ಟಿಡುತ್ತದೆ. ಆಮೇಲೆ ಒಂದು ಎಳೆ ಎಳೆದರೆ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ.

ಇದರ ತುಂಬ ಹಳೆಯ, ತುಂಬ ನೋವಿನ ಉದಾಹರಣೆ 1920ರದ್ದು. ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಬಾಲ್ಟಿಮೋರ್‌ನಲ್ಲಿ ಹನ್ನೊಂದು ತಿಂಗಳ ಮಗುವಿಗೆ ಬಿಳಿ ಇಲಿ ತೋರಿಸಿದರು. ಮಗುವಿಗೆ ಇಲಿ ಕಂಡರೆ ಭಯವಿರಲಿಲ್ಲ, ಕೈ ಚಾಚುತ್ತಿತ್ತು. ಅದು ಇಲಿಯನ್ನು ಮುಟ್ಟಿದಾಗಲೆಲ್ಲ ಬೆನ್ನ ಹಿಂದೆ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದರು. ಕೆಲವೇ ಸಲ ಹೀಗೆ ಮಾಡಿದ ಮೇಲೆ ಸದ್ದಿಲ್ಲದೆ ಬರೀ ಇಲಿ ಕಂಡರೂ ಮಗು ಅಳತೊಡಗಿತು. ಮೊಲಕ್ಕೂ, ತುಪ್ಪಳದ ಕೋಟಿಗೂ ಹೆದರಿತು. ಆ ಭಯವನ್ನು ಬಿಡಿಸುವ ಕೆಲಸವನ್ನು ಅವರು ಮಾಡಲೇ ಇಲ್ಲ. ಇವತ್ತು ಯಾರೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಅವರಿಗೆ ಬೇಕಿದ್ದದ್ದು ಭಯ, ಅದಕ್ಕೆ ಅವರು ಆರಿಸಿಕೊಂಡದ್ದು ಸದ್ದು.

ನಿಮ್ಮ ನಡುಕ ವಾರಗಳು ಕಳೆದಂತೆ ಕಡಿಮೆಯಾಗುತ್ತಿದ್ದರೆ ಅದು ತಾನಾಗಿ ವಾಸಿಯಾಗುತ್ತಿದೆ ಎಂದು ತಿಳಿಯಬಹುದು. ತಿಂಗಳು ದಾಟಿದರೂ ನಿದ್ದೆ ಬರದಿದ್ದರೆ, ಆ ರಸ್ತೆಗೇ ಹೋಗದಂತಾದರೆ, ಘಟನೆ ಮತ್ತೆ ಮತ್ತೆ ಕಣ್ಣೆದುರು ನಡೆದಂತಾದರೆ ತಡ ಮಾಡಬೇಡಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪಕ್ಕದಲ್ಲಿ ಯಾರಾದರೂ ಸೊರ್ ಎಂದು ಕಾಫಿ ಕುಡಿದರೆ ವಿಪರೀತ ಸಿಟ್ಟು ಬರುತ್ತದೆ. ನನಗೇನಾಗಿದೆ?

ಇದಕ್ಕೆ ಮಿಸೊಫೋನಿಯಾ ಎಂದು ಹೆಸರಿದೆ. ಮಾರ್ಗರೆಟ್ ಮತ್ತು ಪಾವೆಲ್ ಯಾಸ್ಟ್ರೆಬಾಫ್ 2001ರಲ್ಲಿ ಇಟ್ಟ ಹೆಸರು. ಅಗಿಯುವುದು, ಸೊರಗುಟ್ಟುವುದು, ಉಸಿರಾಡುವುದು, ಪೆನ್ನು ಟಿಕ್ ಟಿಕ್ ಮಾಡುವುದು, ಇಂಥ ಸಣ್ಣ ಸದ್ದುಗಳಿಗೇ ಮೈಯೆಲ್ಲ ಕಾವೇರುತ್ತದೆ. ಅದು ಸೊಕ್ಕಲ್ಲ, ಸಂಸ್ಕಾರ ಕಡಿಮೆ ಎಂದೂ ಅಲ್ಲ. ಇಂಥವರ ಮೆದುಳಿನಲ್ಲಿ ಇನ್ಸುಲಾ ಎಂಬ ಭಾಗ ಆ ಸದ್ದುಗಳಿಗೆ ವಿಪರೀತ ಚುರುಕಾಗುವುದನ್ನು ನ್ಯೂಕಾಸಲ್ ತಂಡ 2017ರಲ್ಲಿ ಕಂಡಿತು. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ, ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಮೆಲ್ಲಗೆ ರೇಡಿಯೊ ಹಾಕಿಕೊಳ್ಳುವುದೇ ಎಷ್ಟೋ ಜನರಿಗೆ ಸಾಕಾಗುತ್ತದೆ. ಕಿವಿಯ ಪರೀಕ್ಷೆ ಬೇಕೆನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಪಟಾಕಿಗೆ ಮಗು ಚೀರಿ ಅಳುತ್ತದೆ. "ಗಂಡು ಹುಡುಗ, ಅಭ್ಯಾಸ ಆಗಲಿ ಬಿಡಿ" ಎನ್ನುತ್ತಾರೆ. ಸರಿಯಾ?

ಸರಿಯಲ್ಲ. ದಿಢೀರ್ ಸದ್ದಿಗೆ ಬೆಚ್ಚುವುದು ಹುಟ್ಟಿನಿಂದಲೇ ಬಂದದ್ದು, ಹಸುಗೂಸೂ ಎರಡೂ ಕೈ ಚೆಲ್ಲಿ ಬೆಚ್ಚುತ್ತದೆ. ಮಗುವನ್ನು ಎತ್ತಿಕೊಂಡು ದೂರ ಹೋಗಿ, ಕಿವಿ ಮುಚ್ಚಿ, "ಈಗ ಢಂ ಅನ್ನತ್ತೆ ನೋಡು" ಎಂದು ಮೊದಲೇ ಹೇಳಿ. ಆಟಿಸಂ ಇರುವ ಮಕ್ಕಳಲ್ಲಿ ಎಷ್ಟೋ ಜನರಿಗೆ ಇದು ಇನ್ನೂ ದೊಡ್ಡ ಹಿಂಸೆ.

ಕಾನೂನೂ ನಿಮ್ಮ ಕಡೆಗಿದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿ ತಯಾರಿಸುವಂತಿಲ್ಲ, ಮಾರುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು.

ಕಾವು ಇಳಿಸಲು ಸಂಗೀತ ಹಾಕಿದರೆ ಸಾಕಾ? ಯಾವ ಸಂಗೀತ?

ಸಾಕು ಎನ್ನಲಾರೆ, ಸಹಾಯ ಆಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಆಪರೇಷನ್ ಆದ ರೋಗಿಗಳ ಮೇಲೆ ನಡೆದ ಎಪ್ಪತ್ತಕ್ಕೂ ಹೆಚ್ಚು ಪ್ರಯೋಗಗಳನ್ನು ಲಂಡನ್ನಿನ ತಂಡವೊಂದು 2015ರಲ್ಲಿ ಒಟ್ಟುಗೂಡಿಸಿ ನೋಡಿತು. ಸಂಗೀತ ಕೇಳಿದವರಿಗೆ ನೋವು, ಆತಂಕ ಕಡಿಮೆ, ನೋವಿನ ಮಾತ್ರೆಯೂ ಕಡಿಮೆ ಬೇಕಾಯಿತು. ಯಾವ ಸಂಗೀತ, ಆಪರೇಷನ್ನಿಗೆ ಮೊದಲೋ ಆಮೇಲೋ ಎನ್ನುವುದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ.

ವೇಗದ ಮಾತು ಬೇರೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ 2006ರಲ್ಲಿ 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿದರು. ಅದರಲ್ಲಿ ನಮ್ಮ ದೇಶದ ರಾಗವೂ ಒಂದು. ಲಯ ಚುರುಕಾದಷ್ಟೂ ಉಸಿರು, ಎದೆಬಡಿತ, ರಕ್ತದೊತ್ತಡ ಏರಿದವು. ನಡುವೆ ಎರಡು ನಿಮಿಷ ಏನೂ ಹಾಕದೆ ಬಿಟ್ಟಾಗ ಅವು ಸಂಗೀತ ಶುರುವಾಗುವ ಮೊದಲಿದ್ದುದಕ್ಕಿಂತಲೂ ಕೆಳಗಿಳಿದವು. ಹಾಗಾಗಿ ದಿನವಿಡೀ ಹಾಡು ಹಾಕಿಡುವುದಕ್ಕಿಂತ ಸ್ವಲ್ಪ ಕೇಳಿಸಿ, ನಿಲ್ಲಿಸಿ, ಆ ಮೌನದಲ್ಲಿ ಸುಮ್ಮನೆ ಕೂರುವುದು ಒಳ್ಳೆಯದು ಎಂದು ನನಗನಿಸುತ್ತದೆ.

ನಾಳೆ ಮನೆಯವರನ್ನು ಅಡ್ಮಿಟ್ ಮಾಡಬೇಕು. ಬ್ಯಾಗಿನಲ್ಲಿ ಏನಿಡಲಿ?

ಇಯರ್‌ಫೋನ್ ಇಡಿ, ನಿಮ್ಮದಲ್ಲ, ಅವರದ್ದು. ಅವರಿಗೆ ಇಷ್ಟವಾದ ನಾಲ್ಕೈದು ಹಾಡು ಅಥವಾ ದೇವರನಾಮವನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ವಾರ್ಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೆತ್ತನೆಯ ಇಯರ್‌ಪ್ಲಗ್ ಎರಡು ಜೊತೆ, ರಾತ್ರಿಗೆ. ಎಂಆರ್‌ಐ ಇದ್ದರೆ ಒಳಗೆ ಕಳಿಸುವ ಮೊದಲೇ ಹೇಳಿ: ಒಳಗೆ 100 ಡೆಸಿಬಲ್ ದಾಟುವ ಟಕಟಕ ಸದ್ದು ಇರುತ್ತದೆ, ಅದು ಯಂತ್ರ ಕೆಲಸ ಮಾಡುವ ಸದ್ದು, ಕೆಟ್ಟುಹೋದದ್ದಲ್ಲ, ಕೈಗೆ ಒತ್ತುವ ಬಲ್ಬ್ ಕೊಡುತ್ತಾರೆ, ಬೇಕಾದರೆ ಒತ್ತಬಹುದು.

ಸ್ಟೂಲಿನ ಕಾಲುಗಳಿಗೆ ಸುತ್ತಲು ಹಳೆಯ ಬಟ್ಟೆಯ ತುಂಡು ಇಟ್ಟುಕೊಳ್ಳಿ. ಮಂಚದ ಪಕ್ಕಕ್ಕೆ ಹೋದ ಕೂಡಲೇ ಮಾನಿಟರ್ ತೋರಿಸಿ ಸಿಸ್ಟರನ್ನು ಕೇಳಿ, "ಯಾವ ಸದ್ದು ಬಂದರೆ ನಿಮ್ಮನ್ನು ಕರೀಬೇಕು?"